ಫ್ರಿಜ್ಜು ನಿಂತಾಗ ಹುಟ್ಟುವ ಭಯ

ಭಯದ ಸಿನಿಮಾಗಳಲ್ಲಿ ಎರಡು ಜಾತಿ. ಒಂದು, ಕದ ತೆರೆದೊಡನೆ ಢಮಾರ್ ಎಂದು ಸದ್ದು ಮಾಡಿ ವಿಕಾರ ಮುಖವೊಂದನ್ನು ಕಣ್ಣೆದುರು ತಂದು ನಿಲ್ಲಿಸುವುದು. ಅಲ್ಲಿ ಬೆಚ್ಚಿಬೀಳುವುದು ಮೈ ಮಾತ್ರ, ಮನಸ್ಸಿಗೆ ಅದರಲ್ಲಿ ಹೆಚ್ಚು ಕೆಲಸವಿಲ್ಲ. ಅದೇ ಪಟ್ಟನ್ನು ಮತ್ತೆ ಮತ್ತೆ ಹಾಕಿದರೆ ಮೈಗೂ ರೂಢಿಯಾಗಿಬಿಡುತ್ತದೆ. ಇನ್ನೊಂದು ಜಾತಿಯಲ್ಲಿ ಏನೂ ನಡೆಯುತ್ತಿಲ್ಲವೇನೋ ಎನಿಸುತ್ತದೆ. ಮಂಕು ಬೆಳಕು, ಉದ್ದನೆಯ ಹಜಾರ, ಮಾತು ಕಡಿಮೆಯಾಗಿರುವ ಗಂಡ ಹೆಂಡತಿ. ಮನೆಗೆ ಬಂದು ಊಟ ಮಾಡಿ ಮಲಗಿದ ಮೇಲೂ ಅದು ಬಿಡುವುದಿಲ್ಲ. ನಾನು ಬೆಂಗಳೂರಿನಲ್ಲಿ ಕಿರುಚಿತ್ರಗಳಿಗೆ ಶಬ್ದ ವಿನ್ಯಾಸ ಮಾಡುವವನು. ಈ ಎರಡನೆಯ ಜಾತಿಯೆಂದರೆ ನನಗೆ ಪ್ರಾಣ. ಅಂಥದ್ದೊಂದು ಕಿರುಚಿತ್ರಕ್ಕೆ ಸದ್ದು ಕಟ್ಟಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಿವಿಗೆ ದೀಕ್ಷೆ ಸಿಕ್ಕಿದ್ದು ಎರಡು ಚಿತ್ರಗಳಿಂದ. ರಾಬರ್ಟ್ ವೈಸ್ 1963ರಲ್ಲಿ ಮಾಡಿದ ‘ದ ಹಾಂಟಿಂಗ್’ನಲ್ಲಿ ದೆವ್ವ ಒಮ್ಮೆಯೂ ಕಣ್ಣಿಗೆ ಬೀಳುವುದಿಲ್ಲ. ಗೋಡೆಯಾಚೆ ಗುದ್ದುವ ಸದ್ದು ಕೇಳುತ್ತದೆ, ಮರದ ಬಾಗಿಲು ಉಸಿರೆಳೆದುಕೊಂಡಂತೆ ಒಳಕ್ಕೆ ಉಬ್ಬುತ್ತದೆ, ಅಷ್ಟೇ. ಎರಡನೆಯದು ಜಪಾನಿನ ಕಿಯೋಶಿ ಕುರೊಸಾವಾ ಅವರ 1997ರ ‘ಕ್ಯೂರ್’. ಅದರಲ್ಲಿ ಪತ್ತೇದಾರ ಕೆಲಸ ಮುಗಿಸಿ ಮನೆಗೆ ಬಂದರೆ ಬಟ್ಟೆಯ ಯಂತ್ರ ಖಾಲಿಯಾಗಿಯೇ ತಿರುಗುತ್ತಿರುತ್ತದೆ. ಮನಸ್ಸಿನ ಸ್ಥಿಮಿತ ಕಳೆದುಕೊಳ್ಳುತ್ತಿರುವ ಹೆಂಡತಿ ಹಾಕಿಟ್ಟದ್ದು. ಆತ ಏನೂ ಹೇಳದೆ ಹೋಗಿ ಅದನ್ನು ನಿಲ್ಲಿಸುತ್ತಾನೆ. ಒಂದು ಸಂಸಾರದ ದುಃಖವೆಲ್ಲ ಆ ಯಂತ್ರದ ಗುರುಗುರು ಸದ್ದಿನಲ್ಲಿದೆ. ಹಿನ್ನೆಲೆ ಸಂಗೀತದಿಂದ ಇದು ಸಾಧ್ಯವಾಗುತ್ತಿರಲಿಲ್ಲ ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ನಮ್ಮ ಕಿರುಚಿತ್ರದ ಕತೆ ಸಣ್ಣದು. ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾಗಿರುವ ನಿವೃತ್ತ ಗುಮಾಸ್ತರೊಬ್ಬರಿಗೆ ಮನೆಯಲ್ಲಿ ಇನ್ನೂ ಯಾರೋ ಇದ್ದಾರೆ ಎಂಬ ಗುಮಾನಿ. ಚಿತ್ರೀಕರಣಕ್ಕೆ ಮಲ್ಲೇಶ್ವರದಲ್ಲಿ ಒಂದು ಹಳೆಯ ಮನೆ ಸಿಕ್ಕಿತು. ರೆಡ್ ಆಕ್ಸೈಡ್ ನೆಲ, ಎತ್ತರದ ಮದ್ರಾಸ್ ತಾರಸಿ, ಹಿತ್ತಲಲ್ಲಿ ಸಂಪು. ಇಂಥ ಮನೆಯಲ್ಲಿ ಒಂದು ಲೋಟ ಕೆಳಗಿಟ್ಟರೂ ಸದ್ದು ಕೆಲಕಾಲ ಛಾವಣಿಯಲ್ಲೇ ನಿಂತಿರುತ್ತದೆ. ಇತ್ತೀಚಿನ ಅಪಾರ್ಟ್‌ಮೆಂಟುಗಳ ತಗ್ಗು ಛಾವಣಿಯ ಕೋಣೆಗಳಲ್ಲಿ ಆ ಗುಣ ಸಿಗುವುದಿಲ್ಲ.

ಯಾವ ಜಾಗದಲ್ಲಿ ಚಿತ್ರೀಕರಿಸಿದರೂ ಅಲ್ಲಿನ ಬರಿಯ ಮೌನವನ್ನು ಬೇರೆಯಾಗಿ ದಾಖಲಿಸಿಕೊಳ್ಳುವುದು ನಮ್ಮ ಕಸುಬಿನ ಕ್ರಮ. ರೂಮ್ ಟೋನ್ ಎನ್ನುತ್ತೇವೆ. ಸಾಮಾನ್ಯವಾಗಿ ಅರ್ಧ ನಿಮಿಷ, ಒಂದು ನಿಮಿಷ ಸಾಕು. ನಾನು ಇಲ್ಲಿ ಒಂದೊಂದು ಕೋಣೆಯಲ್ಲೂ ಗಂಟೆಗಟ್ಟಲೆ ಮಾಡಿದೆ. ಮನೆಯೊಡತಿ ಅಜ್ಜಿಗೆ ಇದೊಂದು ಸೋಜಿಗ. “ಯಾರೂ ಮಾತಾಡುತ್ತಿಲ್ಲ, ಏನನ್ನು ರೆಕಾರ್ಡ್ ಮಾಡುತ್ತಿದ್ದೀಯಪ್ಪಾ?” ಎಂದರು. ಹೆಡ್‌ಫೋನ್ ಕೊಟ್ಟೆ. ಸ್ವಲ್ಪ ಹೊತ್ತು ಕೇಳಿ, “ಅಯ್ಯೋ, ಇದು ನನ್ನ ಮನೆಯೇ?” ಎಂದು ತೆಗೆದುಬಿಟ್ಟರು. ಚಿತ್ರಕ್ಕೆ ಬೇಕಾದ ಭಾವ ಅದೇ ಎಂದು ನನಗೆ ಆಗಲೇ ಖಾತ್ರಿಯಾಯಿತು.

ಹಗಲಿನಲ್ಲಿ ಕುಕ್ಕರ್ ಕೂಗು, ಸೊಪ್ಪಿನವರ ಕೂಗು, ಎದುರುಮನೆಯ ಟಿವಿ. ರಾತ್ರಿ ಯಶವಂತಪುರದ ಕಡೆ ಹೋಗುವ ರೈಲು. ಇವೆಲ್ಲ ಅಡಗಿದ ಮೇಲೆ ಉಳಿಯುವುದು ಎರಡೇ: ಅಡುಗೆಮನೆಯ ಫ್ರಿಜ್ಜು, ಹಜಾರದ ಹಳೆಯ ಟ್ಯೂಬ್‌ಲೈಟಿನ ಚೋಕ್. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು. ಅಂದರೆ ಸೆಕೆಂಡಿಗೆ 50 ಆವರ್ತನ. ಆ ಪ್ರವಾಹ ಪ್ರತಿ ಆವರ್ತನದಲ್ಲೂ ಎರಡು ಸಲ ಏರುವುದರಿಂದ ಚೋಕಿನೊಳಗಿನ ಕಬ್ಬಿಣದ ಪಟ್ಟಿಗಳು ಸೆಕೆಂಡಿಗೆ 100 ಸಲ ಅದುರಿ ಗುಂಯ್ ಎನ್ನುತ್ತವೆ. ನಾವೆಲ್ಲ ಹುಟ್ಟಿದಾಗಿನಿಂದ ಈ ಸ್ವರದೊಳಗೇ ಬಾಳುತ್ತಿದ್ದೇವೆ. ಆದ್ದರಿಂದಲೇ ಅದು ನಮಗೆ ಕೇಳಿಸುವುದಿಲ್ಲ. ಫ್ರಿಜ್ಜಿನ ಕಂಪ್ರೆಸರ್ ತಟಕ್ಕನೆ ನಿಂತಾಗ ಮಾತ್ರ, ಇಷ್ಟು ಹೊತ್ತು ಏನೋ ಸದ್ದು ಇತ್ತಲ್ಲ ಎಂದು ಕಿವಿ ನಿಮಿರುತ್ತದೆ.

ನನ್ನ ಇಡೀ ಯೋಜನೆ ನಿಂತದ್ದು ಈ ನಿಮಿರುವಿಕೆಯ ಮೇಲೆ. ಯಜಮಾನರು ಒಬ್ಬರೇ ಕುಳಿತು ಊಟ ಮಾಡುವ ಉದ್ದನೆಯ ದೃಶ್ಯದ ಅಡಿಯಲ್ಲಿ ಈ ಎರಡು ಗುಂಯ್‌ಕಾರಗಳನ್ನು ಹಾಸಿದೆ, ಅವು ಇವೆಯೆಂದು ಯಾರಿಗೂ ಗೊತ್ತಾಗದಷ್ಟು ಮೆಲ್ಲಗೆ. ಅವರು ಮಜ್ಜಿಗೆಗೆ ಕೈಚಾಚುವ ಹೊತ್ತಿಗೆ ಫ್ರಿಜ್ಜು ನಿಲ್ಲುತ್ತದೆ. ಅವರ ಕೈ ಹಾಗೇ ತಡೆಯುತ್ತದೆ. ಸಂಗೀತವಿಲ್ಲ, ನೆರಳಿಲ್ಲ, ಬಾಗಿಲು ಕಿರುಗುಟ್ಟುವುದಿಲ್ಲ. ಗೆಳೆಯರ ಮನೆಯಲ್ಲಿ ಮೊದಲ ಸಲ ತೋರಿಸಿದಾಗ ನಾನು ಪರದೆ ಬಿಟ್ಟು ನೋಡುವವರನ್ನೇ ನೋಡುತ್ತಿದ್ದೆ. ಆ ಕ್ಷಣಕ್ಕೆ ಸರಿಯಾಗಿ ಒರಗಿ ಕುಳಿತಿದ್ದವರು ನೆಟ್ಟಗಾದರು. ಯಾಕೆ ಎಂದು ಆಮೇಲೆ ಕೇಳಿದರೆ ಒಬ್ಬರಿಗೂ ಹೇಳಲು ಬರಲಿಲ್ಲ.

ಮೊಬೈಲಿನಲ್ಲಿ ನೋಡುವವರ ಪಾಡು ಬೇರೆ. ಅದರ ಪುಟ್ಟ ಸ್ಪೀಕರ್ 100 ಹರ್ಟ್ಸ್‌ನ ಸದ್ದನ್ನು ಸರಿಯಾಗಿ ಹೊರಡಿಸಲಾರದು. ಅದಕ್ಕೆಂದು 200, 300, 400 ಹರ್ಟ್ಸ್‌ನ ಮೇಲ್ಸ್ವರಗಳನ್ನು ತುಸು ಎತ್ತಿದೆ. ಇವು ಒಟ್ಟಿಗೆ ಕೇಳಿಸಿದರೆ ತಳದ ಸ್ವರ ಇಲ್ಲದಿದ್ದರೂ ಮಿದುಳು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಇಲ್ಲದ್ದನ್ನು ಇದೆಯೆಂದು ಕೇಳಿಸಿಕೊಳ್ಳುವುದು ಚಿತ್ರದ ನಾಯಕನ ಕತೆಯೂ ಹೌದಾದ್ದರಿಂದ, ಈ ಕೆಲಸ ಮಾಡುವಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಇಷ್ಟು ದುಗುಡದ ಚಿತ್ರವನ್ನು ಜನ ಯಾಕಾದರೂ ನೋಡಬೇಕು ಎಂದು ಮನೆಯವರೂ ಕೇಳುತ್ತಾರೆ. ತಂದೆಯನ್ನು ಕಳೆದುಕೊಂಡಿದ್ದ ಒಬ್ಬರು ಪ್ರದರ್ಶನದ ನಂತರ ನನ್ನ ಬಳಿ ಬಂದು, “ಹದಿಮೂರನೇ ದಿನ ಕಳೆದು ಎಲ್ಲರೂ ಊರಿಗೆ ಹೊರಟ ಮೇಲೆ ನಮ್ಮ ಮನೆ ಹೀಗೇ ಇತ್ತು ಸಾರ್” ಎಂದರು. ಅವರು ಹೆದರಿರಲಿಲ್ಲ, ಹಗುರಾಗಿದ್ದರು. ಸಾವು ನಡೆದ ಮನೆಗೆ ಬಂದವರೆಲ್ಲ ಧೈರ್ಯ ಹೇಳುತ್ತಾರೆ, ಬೇಗ ಮರೆಯಿರಿ ಎನ್ನುತ್ತಾರೆ. ಈ ಬಗೆಯ ಚಿತ್ರ ಅವಸರ ಮಾಡುವುದಿಲ್ಲ. ನೋವಿನ ಪಕ್ಕದಲ್ಲಿ ಅದರಷ್ಟೇ ನಿಧಾನವಾಗಿ ಕುಳಿತುಕೊಳ್ಳುತ್ತದೆ. ನಮ್ಮ ಊರಿನಲ್ಲಿ ಇಂಥ ನಿಧಾನವನ್ನು ನೋಡಬಲ್ಲ ಕಣ್ಣುಗಳಿಗೆ ಕೊರತೆಯೇನಿಲ್ಲ. ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿದ್ದೇ 1971ರಲ್ಲಿ. ಅಂಥ ಕಡೆಗಳಲ್ಲಿ ಜಗತ್ತಿನ ಚಿತ್ರಗಳನ್ನು ನೋಡಿ ಬೆಳೆದ ಪ್ರೇಕ್ಷಕರು ನಮ್ಮ ನಡುವೆ ಇದ್ದಾರೆ.

ನಿರ್ದೇಶಕನಿಗೂ ನನಗೂ ಜಟಾಪಟಿ ನಡೆದದ್ದು ಕೊನೆಯ ದೃಶ್ಯಕ್ಕೆ. ಮನೆಯಲ್ಲಿ ನಿಜವಾಗಿ ಯಾರಾದರೂ ಇದ್ದರೇ ಎಂಬುದನ್ನು ಬಿಡಿಸಿ ಹೇಳುವ ಒಂದು ದೃಶ್ಯವನ್ನೂ ಅವನು ತೆಗೆದಿದ್ದ. ಪಕ್ಕದ ಮನೆಯವರು ಬಂದು ವೈದ್ಯರು ಹೀಗೆ ಹೇಳಿದರು ಎಂದು ವಿವರಿಸುತ್ತಾರೆ. ಕಾಯಿಲೆಯ ಹೆಸರು ಹೇಳಿದರೆ ನೋಡುವವರು ನಿಟ್ಟುಸಿರು ಬಿಟ್ಟು ಎದ್ದು ಹೋಗುತ್ತಾರೆ, ಆ ಮನುಷ್ಯ ಒಬ್ಬ ರೋಗಿಯಾಗಿ ಉಳಿಯುತ್ತಾರೆ ಎಂದು ನಾನು ವಾದಿಸಿದೆ. ಅವನು ಒಪ್ಪಲಿಲ್ಲ. ಕಡೆಗೆ ಎರಡು ಆವೃತ್ತಿಯನ್ನೂ ಬೇರೆ ಬೇರೆ ಗುಂಪುಗಳಿಗೆ ತೋರಿಸಿದೆವು. ವಿವರಣೆ ಇದ್ದದ್ದನ್ನು ನೋಡಿದವರು ಕಾಯಿಲೆಯ ಬಗ್ಗೆ ಮಾತಾಡಿದರು. ಇಲ್ಲದ್ದನ್ನು ನೋಡಿದವರು ಸತ್ತುಹೋದ ಆ ಹೆಂಡತಿಯ ಬಗ್ಗೆ ಮಾತಾಡಿದರು, ಚಿತ್ರದಲ್ಲಿ ಆಕೆಯ ಒಂದು ಫೋಟೋ ಕೂಡ ಇಲ್ಲದಿದ್ದರೂ. ಮರುದಿನ ನಿರ್ದೇಶಕ ತಾನೇ ಕುಳಿತು ಆ ದೃಶ್ಯವನ್ನು ಕತ್ತರಿಸಿದ.