ಕಾಲು ಮುರಿದ ಬೆಕ್ಕಿನ ಮರಿ: ಮನೆ ಆರೈಕೆ ಹೀಗಿರಲಿ

ಡಾಕ್ಟರು ಪಟ್ಟಿ ಕಟ್ಟಿ ಕಳಿಸಿದ ಮೇಲೆ ಉಳಿದದ್ದೆಲ್ಲ ಮನೆಯವರ ಕೆಲಸ. ಮರಿಗಳ ಮೂಳೆ ಬೇಗ ಕೂಡುತ್ತದೆ. ತೀರಾ ಎಳೆಯ ಮರಿಗೆ 3-4 ವಾರ ಸಾಕಾಗಬಹುದು. ಆ ಮೂರು ವಾರ ತಾಳಲಾರದೆ ಕಾಲು ಕೆಡಿಸಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಪಂಜರ. ಮರಿ ಮೈಚಾಚಿ ಮಲಗಬೇಕು, ಆದರೆ ಜಿಗಿಯಲು ಆಗಬಾರದು. ಮೆತ್ತನೆ ಹಾಸು, ನೀರು, ಮಲಮೂತ್ರಕ್ಕೆ ಅಂಚು ತಗ್ಗಿರುವ ಟ್ರೇ, ಅಷ್ಟೇ. ಟ್ರೇಗೆ ಹರಿದ ಪೇಪರ್ ಹಾಕಿ. ಅಂಗಡಿಯಲ್ಲಿ ಸಿಗುವ, ಒದ್ದೆಯಾದರೆ ಗಟ್ಟಿಯಾಗುವ ಮರಳಿನಂಥ ಪುಡಿ (ಲಿಟರ್) ಪಟ್ಟಿಗೆ ಮೆತ್ತಿಕೊಳ್ಳುತ್ತದೆ.

ಊಟಕ್ಕೆ ಮರಿಗಳ ಆಹಾರವೇ ಇರಲಿ. ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ.

ಜನ ಎಡವುವುದು ಪಟ್ಟಿಯ ವಿಷಯದಲ್ಲಿ. ಪಟ್ಟಿಯ ತುದಿಯಲ್ಲಿ ಸಾಮಾನ್ಯವಾಗಿ ನಡುವಿನ ಎರಡು ಬೆರಳು ಕಾಣುವಂತೆ ಬಿಟ್ಟಿರುತ್ತಾರೆ. ಸುಮ್ನೆ ಬಿಟ್ಟಿದ್ದಲ್ಲ, ನೀವು ನೋಡಲಿ ಅಂತ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬೆಳಕಿನಲ್ಲಿ ನೋಡಿ. ಎರಡೂ ಉಗುರು ಅಕ್ಕಪಕ್ಕ ಅಂಟಿದಂತಿರಬೇಕು. ದೂರ ಸರಿದಿದ್ದರೆ ಬೆರಳು ಊದುತ್ತಿದೆ ಎಂದರ್ಥ. ಮುಟ್ಟಿ ನೋಡಿ. ಇನ್ನೊಂದು ಕಾಲಿಗಿಂತ ತಣ್ಣಗಿದ್ದರೆ ರಕ್ತ ಸರಿಯಾಗಿ ಹರಿಯದಿರಬಹುದು. ಕೊನೆಗೆ ಪಟ್ಟಿಯ ಹತ್ತಿರ ಮೂಗಿಟ್ಟು ಮೂಸಿ. ಕೆಟ್ಟ ವಾಸನೆ, ಊತ, ಒದ್ದೆ, ಪಟ್ಟಿ ಜಾರಿರುವುದು, ಮರಿ ಇದ್ದಕ್ಕಿದ್ದಂತೆ ಅದನ್ನು ಕಚ್ಚತೊಡಗುವುದು: ಒಂದು ಕಂಡರೂ ಅವತ್ತೇ ಡಾಕ್ಟರ ಹತ್ತಿರ ಹೋಗಿ. ನಾಳೆ ನೋಡೋಣ ಅನ್ನಬೇಡಿ. ಬಿಗಿಯಾದ ಪಟ್ಟಿಯಿಂದ ಕಾಲೇ ಹೋಗಬಹುದು.

ಒದ್ದೆಯಾದ ಪಟ್ಟಿಯನ್ನು ಹೇರ್ ಡ್ರೈಯರ್‌ನಿಂದ ಒಣಗಿಸುವವರಿದ್ದಾರೆ. ಮೇಲ್ಗಡೆ ಒಣಗುತ್ತದೆ, ಒಳಗಿನ ಹತ್ತಿ ಹಸಿಯಾಗಿಯೇ ಇದ್ದು ಚರ್ಮ ಕೊಳೆಯುತ್ತದೆ. ಪಟ್ಟಿ ಬದಲಿಸುವ ದಿನವನ್ನೂ ತಪ್ಪಿಸಬೇಡಿ. ಮರಿ ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ ಅಲ್ವಾ? ಹೋದ ವಾರ ಸರಿಯಿದ್ದದ್ದು ಈ ವಾರ ಬಿಗಿಯಾಗುತ್ತದೆ.

ಕಚ್ಚದಂತೆ ಕೊರಳಿಗೆ ಹಾಕುವ ಕಾಲರ್ ಗಟ್ಟಿ ಪ್ಲಾಸ್ಟಿಕ್‌ದೇ ಇರಲಿ. ಬಟ್ಟೆಯದಕ್ಕೆ ದುಡ್ಡು ಹಾಕಬೇಡಿ, ಅದು ಮಡಚಿಕೊಂಡು ಬಾಯಿ ಪಟ್ಟಿಗೆ ಎಟುಕುತ್ತದೆ.

ನೋವಿಗೆ ಡಾಕ್ಟರು ಬರೆದುಕೊಟ್ಟ ಔಷಧಿ, ಹೇಳಿದಷ್ಟೇ. ಮನೆಯಲ್ಲಿರುವ ಪ್ಯಾರಸಿಟಮಾಲ್ ಚೂರು ಕೂಡ ಕೊಡಬೇಡಿ. ಬೆಕ್ಕಿನ ದೇಹಕ್ಕೆ ಅದನ್ನು ಅರಗಿಸುವ ಶಕ್ತಿಯಿಲ್ಲ, ಜೀವವೇ ಹೋಗುತ್ತದೆ.

ಕೆಲವೇ ದಿನಗಳಲ್ಲಿ ನೋವು ಇಳಿದು ಮರಿ ಕೂಗತೊಡಗುತ್ತದೆ, ಪಂಜರ ಪರಚುತ್ತದೆ. ಪಾಪ ಅಂತ ಬಾಗಿಲು ತೆಗೆಯಬೇಡಿ. ನೋವು ಹೋಗಿದೆ, ಮೂಳೆ ಇನ್ನೂ ಕೂಡಿಲ್ಲ. ಸೋಫಾದಿಂದ ಒಂದು ಜಿಗಿತಕ್ಕೆ ಎಲ್ಲ ಮೊದಲಿಗೆ ಬರುತ್ತದೆ. ಪಂಜರದ ಪಕ್ಕ ಕೂತು ಮಾತಾಡಿಸಿ, ಕೆನ್ನೆ ಸವರಿ. ಆಟ ಬೇಕಿದ್ದರೆ ಮಲಗಿದಲ್ಲೇ ಮುಂಗಾಲಿಗೆ ದಾರ ಕೊಡುವ ಬದಲು ನುಂಗಲಾಗದಷ್ಟು ದೊಡ್ಡ ಚೆಂಡು ಕೊಡಿ.

ಎಕ್ಸ್‌ರೇ ನೋಡಿ ಡಾಕ್ಟರು ಸರಿ ಅಂದ ಮೇಲೇ ಹೊರಗೆ ಬಿಡಿ, ಅದೂ ಹತ್ತಲು ಏನೂ ಇಲ್ಲದ ಕೋಣೆಗೆ. ಸ್ನಾಯು ಸೊರಗಿರುವುದರಿಂದ ಕೆಲವು ದಿನ ಕುಂಟುತ್ತದೆ. ಕಾಲನ್ನು ಊರುವುದೇ ಇಲ್ಲ ಎಂದಾದರೆ ಮತ್ತೆ ತೋರಿಸಿ.