ನರ್ಸಿಂಗ್ ಪಾಸಾಯ್ತಾ? ಮೊದಲು ರಿಜಿಸ್ಟ್ರೇಷನ್ ಮಾಡಿಸಿ

ಬಿಎಸ್ಸಿ ನರ್ಸಿಂಗ್ ಆಗಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆಗಲಿ, ಅಂಕಪಟ್ಟಿ ಕೈಗೆ ಬಂದ ಮಾತ್ರಕ್ಕೆ ಲೈಸೆನ್ಸ್ ಸಿಕ್ಕಿದಂತಲ್ಲ. ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಲೇಬೇಕು.

ಅರ್ಜಿ ಹಾಕುವ ಮುಂಚೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ನರ್ಸಿಂಗ್ ಸರ್ಟಿಫಿಕೇಟ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು, ಇನಿಷಿಯಲ್, ಹುಟ್ಟಿದ ದಿನ ಒಂದೇ ಥರ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ, ಯಾಕಂದ್ರೆ ಮುಂದೆ ಗಲ್ಫ್‌ಗೋ ಅಮೆರಿಕಕ್ಕೋ ಹೊರಟಾಗ ದಾಖಲೆ ಪರಿಶೀಲನೆ ಸಿಕ್ಕಿಕೊಳ್ಳುವುದು ಇಲ್ಲೇ. ವ್ಯತ್ಯಾಸ ಇದ್ದರೆ ಈಗಲೇ ತಿದ್ದಿಸಿ.

ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತಾ? ಇಲ್ಲಿನ ಕೌನ್ಸಿಲ್‌ನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತಗೊಂಡು ಅಲ್ಲಿನ ಕೌನ್ಸಿಲ್‌ನಲ್ಲಿ ನೋಂದಾಯಿಸಿ. ಅಮೆರಿಕಕ್ಕಾದರೆ ಎನ್‌ಕ್ಲೆಕ್ಸ್ ಅನ್ನೋ ಅಲ್ಲಿನ ನರ್ಸ್ ಲೈಸೆನ್ಸ್ ಪರೀಕ್ಷೆ ಬೇರೆ ಇದೆ. ರಿಜಿಸ್ಟ್ರೇಷನ್ ನವೀಕರಣದ ತಾರೀಖು ಬರೆದಿಟ್ಟುಕೊಳ್ಳಿ. ಏಜೆಂಟ್ ಎಷ್ಟೇ ಒಳ್ಳೆಯವರಾಗಿ ಕಂಡರೂ ಒರಿಜಿನಲ್ ಸರ್ಟಿಫಿಕೇಟ್ ಮಾತ್ರ ಕೊಡಬೇಡಿ, ಅದು ನಿಮ್ಮ ವರ್ಷಗಳ ದುಡಿಮೆ ಅಲ್ವಾ.