ಎಡಿಟರ್ ತಾನಾಗಿ ಟೈಪ್ ಮಾಡುತ್ತಿದ್ದರೆ ಯಾವ ಸ್ವಿಚ್ ಆಫ್ ಮಾಡಬೇಕು?

ಕೋಡ್ ಬರೆಯುವಾಗ ಸಾಲಿನ ಕೊನೆಯಲ್ಲಿ ( ಒತ್ತುತ್ತೀರಿ. ಪಕ್ಕದಲ್ಲೇ ) ಕೂಡ ಬಂದು ಕೂರುತ್ತದೆ. ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡ ತುಂಡನ್ನು ಅಲ್ಲಿ ಪೇಸ್ಟ್ ಮಾಡುತ್ತೀರಿ, ಆ ತುಂಡಿನ ಕೊನೆಯಲ್ಲೂ ಒಂದು ) ಇದೆ, ಈಗ ಎರಡಾಯಿತು. ಒಂದನ್ನು ಅಳಿಸಬೇಕು. ದಿನಕ್ಕೆ ಹತ್ತಾರು ಸಲ ಹೀಗಾದರೆ ಬೇಜಾರಾಗುತ್ತದೆ, ಯಾಕಂದ್ರೆ ಬರೆಯುವ ಲಹರಿಯೇ ಕಡಿದುಹೋಗುತ್ತದೆ.

ಆಗ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಏನು? ಸೆಟ್ಟಿಂಗ್ಸ್ ತೆರೆದು ‘ಆಟೋ’ ಅಂತ ಹುಡುಕುತ್ತೇವೆ, ಉದ್ದದ ಪಟ್ಟಿ ಬರುತ್ತದೆ, ಕಂಡದ್ದನ್ನೆಲ್ಲ ಆಫ್ ಮಾಡಿಬಿಡುತ್ತೇವೆ. ಎರಡು ದಿನ ಆದಮೇಲೆ ನೋಡಿದರೆ ಬೇಕಾದ ಸಲಹೆ ಬರುತ್ತಿಲ್ಲ, ಬೇಡವಾದದ್ದು ಇನ್ನೂ ಬರುತ್ತಿದೆ. ತಾನಾಗಿ ಟೈಪ್ ಆಗುವುದು ಅಂದರೆ ಒಂದೇ ಸೌಲಭ್ಯ ಅಲ್ಲ, ಅದೇ ಇಲ್ಲಿನ ತೊಡಕು. ಬ್ರ್ಯಾಕೆಟ್ ಮುಚ್ಚುವುದು ಬೇರೆ, ಪದಗಳ ಪಟ್ಟಿ ತೋರಿಸುವುದು ಬೇರೆ, ಬೂದು ಬಣ್ಣದಲ್ಲಿ ಇಡೀ ಸಾಲು ಮೂಡುವುದು ಬೇರೆ, ಸೇವ್ ಮಾಡಿದಾಗ ಕೋಡ್ ಜೋಡಿಸಿಕೊಳ್ಳುವುದು ಬೇರೆ. ಒಂದೊಂದಕ್ಕೂ ಅದರದೇ ಸ್ವಿಚ್. ಅದಕ್ಕೇ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಇಷ್ಟೇ: ಬೇಡದ ಅಕ್ಷರ ಬರುವ ಮುಂಚೆ ನೀವು ಯಾವ ಕೀ ಒತ್ತಿದಿರಿ? ಅದು ಗೊತ್ತಾದರೆ ಸ್ವಿಚ್ ಸಿಕ್ಕ ಹಾಗೇ.

ಇಲ್ಲಿ ಮುಖ್ಯವಾಗಿ ವಿಎಸ್ ಕೋಡ್ ಅನ್ನೋ ಎಡಿಟರ್ ಇಟ್ಟುಕೊಂಡು ಹೇಳುತ್ತೇನೆ, ಉಳಿದ ಎಡಿಟರ್‌ಗಳ ವಿಷಯ ಕೊನೆಗೆ. ಸೆಟ್ಟಿಂಗ್ಸ್ ತೆರೆಯಲು ಕಂಟ್ರೋಲ್ ಹಿಡಿದು ಕಾಮಾ ಒತ್ತಿ, ಮ್ಯಾಕ್ ಆದರೆ ಕಮಾಂಡ್ ಹಿಡಿದು ಕಾಮಾ. ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ನಾನು ಹೇಳುವ ಹೆಸರುಗಳನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.

ನೀವು ಒತ್ತಿದ್ದು ಬ್ರ್ಯಾಕೆಟ್ ಅಥವಾ ಕೋಟ್ ಆಗಿದ್ದರೆ ಹುಡುಕಬೇಕಾದದ್ದು ‘ಆಟೋ ಕ್ಲೋಸಿಂಗ್ ಬ್ರ್ಯಾಕೆಟ್ಸ್’ ಮತ್ತು ‘ಆಟೋ ಕ್ಲೋಸಿಂಗ್ ಕೋಟ್ಸ್’. ಇವು ಎರಡು ಬೇರೆ ಬೇರೆ ಸೆಟ್ಟಿಂಗ್, ಒಂದನ್ನು ಆಫ್ ಮಾಡಿದರೆ ಇನ್ನೊಂದು ಆಫ್ ಆಗುವುದಿಲ್ಲ. ಎರಡರಲ್ಲೂ ನಾಲ್ಕು ಆಯ್ಕೆ ಇವೆ. ‘ನೆವರ್’ ಅಂದರೆ ಪೂರ್ತಿ ಬಂದ್. ಆದರೆ ಅದಕ್ಕೂ ಮೊದಲು ‘ಬಿಫೋರ್ ವೈಟ್‌ಸ್ಪೇಸ್’ ಒಂದು ವಾರ ಇಟ್ಟು ನೋಡಿ ಅಂತ ನನ್ನ ಸಲಹೆ. ಕರ್ಸರ್ ಮುಂದೆ ಖಾಲಿ ಜಾಗ ಇದ್ದರೆ ಮಾತ್ರ ಆಗ ಜೋಡಿ ಬರುತ್ತದೆ. ಹೊಸ ಸಾಲು ಬರೆಯುವಾಗ ಅನುಕೂಲ, ಇರುವ ಕೋಡ್‌ನ ನಡುವೆ ಒಂದು ಚಿಹ್ನೆ ತೂರಿಸುವಾಗ ಕಾಟ ಇಲ್ಲ. ನಿಮ್ಮ ತೊಂದರೆ ಮೇಲೆ ಹೇಳಿದ ಪೇಸ್ಟ್ ಥರದ್ದೇ ಆದರೆ ಇದು ಸಾಲದು, ಸಾಲಿನ ಕೊನೆಯಲ್ಲಿ ಜೋಡಿ ಬಂದೇ ಬರುತ್ತದೆ. ಆಗ ನೆವರ್ ಒಂದೇ ದಾರಿ.

ಇದರ ಜೊತೆಗೇ ‘ಆಟೋ ಸರೌಂಡ್’ ಅನ್ನೋದನ್ನೂ ನೋಡಿಕೊಳ್ಳಿ. ಒಂದು ಪದ ಸೆಲೆಕ್ಟ್ ಮಾಡಿ " ಒತ್ತಿದಿರಿ, ಪದ ಹೋಗಿ ಅಲ್ಲಿ ಬರೀ ಕೋಟ್ ಉಳಿಯಲಿ ಅಂತ ನಿಮ್ಮ ಆಸೆ. ಆದರೆ ಪದ ಅಲ್ಲೇ ಇದ್ದು ಎರಡೂ ಬದಿಗೆ ಕೋಟ್ ಬಂತು. ಅದು ಈ ಸೆಟ್ಟಿಂಗ್‌ನ ಕೆಲಸ, ಇಲ್ಲೂ ನೆವರ್ ಇದೆ. ನಾನಂತೂ ಇದನ್ನು ಆನ್ ಇಟ್ಟಿದ್ದೇನೆ, ಒಂದು ಸಲ ಕೈಗೆ ರೂಢಿಯಾದರೆ ಬಿಡೋಕೆ ಆಗಲ್ಲ.

ಎಚ್‌ಟಿಎಮ್‌ಎಲ್ ಬರೆಯುವವರಿಗೆ ಇನ್ನೂ ಎರಡು. > ಒತ್ತಿದ ಕೂಡಲೇ ಮುಚ್ಚುವ ಟ್ಯಾಗ್ ಬರುತ್ತಿದ್ದರೆ ‘ಆಟೋ ಕ್ಲೋಸಿಂಗ್ ಟ್ಯಾಗ್ಸ್’ ಹುಡುಕಿ. ಎಚ್‌ಟಿಎಮ್‌ಎಲ್‌ಗೆ, ಜಾವಾಸ್ಕ್ರಿಪ್ಟ್‌ಗೆ, ಟೈಪ್‌ಸ್ಕ್ರಿಪ್ಟ್‌ಗೆ ಬೇರೆ ಬೇರೆ ಟಿಕ್ ಇರುತ್ತದೆ, ನಿಮಗೆ ಬೇಡವಾದದ್ದನ್ನು ಮಾತ್ರ ತೆಗೆಯಿರಿ. = ಒತ್ತಿದಾಗ ಕೋಟ್ ಬರುತ್ತಿದ್ದರೆ ಅದು ‘ಆಟೋ ಕ್ರಿಯೇಟ್ ಕೋಟ್ಸ್’.

ಈಗ ಎಂಟರ್ ಕೀ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡುವುದು ಇದೇ, ಯಾಕಂದ್ರೆ ಬ್ರ್ಯಾಕೆಟ್ ತಪ್ಪಿದರೆ ಕೂಡಲೇ ಎರರ್ ಬರುತ್ತದೆ, ಇದು ಸದ್ದಿಲ್ಲದೆ ತಪ್ಪು ಪದ ಹಾಕುತ್ತದೆ. ಒಮ್ಮೆ ನಾನು ಒಂದು ಪಟ್ಟಿಯಲ್ಲಿ ಸಾಲಿಗೊಂದು ಹೆಸರು ಬರೆಯುತ್ತಿದ್ದೆ. ‘ಕೌಂಟ್’ ಅಂತ ಬರೆದು ಎಂಟರ್ ಒತ್ತಿದೆ, ಮುಂದಿನ ಸಾಲಿಗೆ ಹೋಗಲಿ ಅಂತ. ಫೈಲ್‌ನಲ್ಲಿ ಅದಾಗಲೇ ‘ಕೌಂಟರ್’ ಅನ್ನೋ ಪದ ಇತ್ತು, ಸಲಹೆಯ ಪಟ್ಟಿ ತೆರೆದುಕೊಂಡು ಅದನ್ನೇ ಮೇಲೆ ಇಟ್ಟಿತ್ತು, ನನ್ನ ಎಂಟರ್ ಹೊಸ ಸಾಲಿಗೆ ಹೋಗುವ ಬದಲು ಅದನ್ನು ಒಪ್ಪಿಕೊಂಡಿತು. ಕರ್ಸರ್ ಅಲ್ಲೇ ನಿಂತಿದ್ದಕ್ಕೆ ಎಂಟರ್ ಸರಿಯಾಗಿ ಬಿದ್ದಿಲ್ಲ ಅಂದುಕೊಂಡು ಇನ್ನೊಮ್ಮೆ ಒತ್ತಿ ಮುಂದೆ ಹೋದೆ. ಎರಡೂ ಹೆಸರು ಕಣ್ಣಿಗೆ ಒಂದೇ ಥರ ಕಾಣುತ್ತವೆ, ಅಲ್ವಾ? ಆ ತಪ್ಪು ಹುಡುಕಲು ಒಂದು ಸಂಜೆ ಹೋಯಿತು.

ಇದಕ್ಕೆ ಸ್ವಿಚ್ ‘ಆಕ್ಸೆಪ್ಟ್ ಸಜೆಷನ್ ಆನ್ ಎಂಟರ್’. ‘ಆಫ್’ ಮಾಡಿದರೆ ಎಂಟರ್ ಯಾವಾಗಲೂ ಹೊಸ ಸಾಲೇ. ಸಲಹೆ ಬೇಕಾದಾಗ ಟ್ಯಾಬ್ ಒತ್ತಿದರೆ ಆಯಿತು, ಅದು ಹಾಗೇ ಕೆಲಸ ಮಾಡುತ್ತದೆ. ಈ ಇಡೀ ಬರಹದಲ್ಲಿ ಒಂದೇ ಒಂದು ಸೆಟ್ಟಿಂಗ್ ಬದಲಿಸುತ್ತೀರಿ ಅಂದರೆ ಇದನ್ನು ಬದಲಿಸಿ. ‘ಸ್ಮಾರ್ಟ್’ ಅನ್ನೋ ಆಯ್ಕೆಯೂ ಇದೆ, ಅದರಲ್ಲಿ ನೀವು ಬರೆದ ಪದ ನಿಜವಾಗಿ ಬದಲಾಗುವಂತಿದ್ದರೆ ಮಾತ್ರ ಎಂಟರ್ ಸಲಹೆಯನ್ನು ಒಪ್ಪುತ್ತದೆ. ಆದರೆ ನನಗೆ ಆದದ್ದು ಹಾಗೇ ಪದ ಬದಲಾಗಿ ಅಲ್ವಾ, ಅದಕ್ಕೆ ಸ್ಮಾರ್ಟ್ ಉಪಯೋಗಕ್ಕೆ ಬರುತ್ತಿರಲಿಲ್ಲ.

ಎಂಟರ್ ಅಲ್ಲ, ಚುಕ್ಕೆ ಅಥವಾ ಸೆಮಿಕೋಲನ್ ಒತ್ತಿದಾಗ ಪದ ಬದಲಾಯಿತು ಅಂದರೆ ಅದಕ್ಕೆ ಬೇರೆ ಸ್ವಿಚ್: ‘ಆಕ್ಸೆಪ್ಟ್ ಸಜೆಷನ್ ಆನ್ ಕಮಿಟ್ ಕ್ಯಾರೆಕ್ಟರ್’. ಇದು ಬರೀ ಟಿಕ್, ತೆಗೆದುಬಿಡಿ. ಕೆಲವು ಭಾಷೆಗಳಲ್ಲಿ ಇಂಥ ಚಿಹ್ನೆ ಒತ್ತಿದರೂ ಪಟ್ಟಿಯಲ್ಲಿರುವ ಸಲಹೆ ಒಪ್ಪಿದಂತೆ ಆಗುತ್ತದೆ ಅನ್ನೋದು ತುಂಬಾ ಜನಕ್ಕೆ ಗೊತ್ತೇ ಇರುವುದಿಲ್ಲ, ಎಂಟರ್ ಆಫ್ ಮಾಡಿದರೂ ಹೀಗೇ ಆಗ್ತಿದೆಯಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ಪಟ್ಟಿ ತೆರೆದುಕೊಳ್ಳುವುದೇ ಬೇಡ ಅನ್ನುವವರು ‘ಕ್ವಿಕ್ ಸಜೆಷನ್ಸ್’ ನೋಡಿ. ಅಲ್ಲಿ ಮೂರು ಸಾಲು ಇರುತ್ತವೆ: ಕಾಮೆಂಟ್‌ಗೆ ಒಂದು, ಸ್ಟ್ರಿಂಗ್‌ಗೆ ಒಂದು, ಉಳಿದ ಕೋಡ್‌ಗೆ ಒಂದು. ಕೋಡ್‌ನದ್ದು ಆಫ್ ಮಾಡಿದರೂ ಚುಕ್ಕೆ ಹಾಕಿದಾಗ ಪಟ್ಟಿ ಬರುತ್ತದೆ, ಅದನ್ನೂ ನಿಲ್ಲಿಸಲು ‘ಸಜೆಸ್ಟ್ ಆನ್ ಟ್ರಿಗರ್ ಕ್ಯಾರೆಕ್ಟರ್ಸ್’ ಟಿಕ್ ತೆಗೆಯಬೇಕು. ಬೇಕಾದಾಗ ಕಂಟ್ರೋಲ್ ಹಿಡಿದು ಸ್ಪೇಸ್ ಒತ್ತಿದರೆ ಪಟ್ಟಿ ಬರುತ್ತದೆ, ಹಾಗಾಗಿ ಏನೂ ಕಳೆದುಕೊಳ್ಳುವುದಿಲ್ಲ. ಪೂರ್ತಿ ಬಿಡಲು ಮನಸ್ಸಿಲ್ಲದಿದ್ದರೆ ‘ಕ್ವಿಕ್ ಸಜೆಷನ್ಸ್ ಡಿಲೇ’ ಅಂತ ಒಂದಿದೆ. ಮೊದಲಿಗೆ ಅದು 10 ಮಿಲಿಸೆಕೆಂಡ್ ಇರುತ್ತದೆ. 500 ಅಂತ ಬದಲಿಸಿ ನೋಡಿ. ಬರೆಯುತ್ತಾ ಹೋಗುವಾಗ ಪಟ್ಟಿ ಅಡ್ಡ ಬರುವುದಿಲ್ಲ, ಮುಂದೇನು ಅಂತ ನಿಂತು ಯೋಚಿಸುವಾಗ ಮಾತ್ರ ತೆರೆಯುತ್ತದೆ. ಫೈಲ್‌ನಲ್ಲಿರುವ ಸಿಕ್ಕ ಸಿಕ್ಕ ಪದವನ್ನೆಲ್ಲ ಪಟ್ಟಿಗೆ ತರುವುದು ‘ವರ್ಡ್ ಬೇಸ್ಡ್ ಸಜೆಷನ್ಸ್’, ಅದನ್ನು ಆಫ್ ಮಾಡಿದರೆ ಭಾಷೆಗೆ ಸಂಬಂಧಪಟ್ಟ ಸಲಹೆ ಉಳಿದು ಕಸ ಹೋಗುತ್ತದೆ.

ಬೂದು ಅಕ್ಷರದಲ್ಲಿ ಒಂದು ಸಾಲೋ ಹತ್ತು ಸಾಲೋ ಮುಂದೆ ತೋರಿಸಿ, ಟ್ಯಾಬ್ ಒತ್ತಿದರೆ ಅಷ್ಟೂ ಒಳಗೆ ಬರುತ್ತದಲ್ಲ, ಅದು ‘ಇನ್‌ಲೈನ್ ಸಜೆಸ್ಟ್’. ನೀವು ಟ್ಯಾಬ್ ಒತ್ತಿದ್ದು ಸುಮ್ನೆ ಜಾಗ ಬಿಡಲು, ಬಂದದ್ದು ಇಡೀ ಫಂಕ್ಷನ್. ‘ಇನೇಬಲ್ಡ್’ ಟಿಕ್ ತೆಗೆದರೆ ನಿಲ್ಲುತ್ತದೆ. ಅದನ್ನು ಇಟ್ಟುಕೊಂಡೇ ಸ್ವಲ್ಪ ಹಿಡಿತ ಬೇಕು ಅಂದರೆ ಟ್ಯಾಬ್ ಬದಲು ಕಂಟ್ರೋಲ್ ಹಿಡಿದು ಬಲ ಬಾಣ ಒತ್ತಿ, ಮ್ಯಾಕ್‌ನಲ್ಲಿ ಕಮಾಂಡ್ ಹಿಡಿದು. ಒಂದೊಂದೇ ಪದ ಒಳಗೆ ಬರುತ್ತದೆ, ಓದಿಕೊಂಡು ಒಪ್ಪಬಹುದು. ಹೊಸದಾಗಿ ಕೋಡ್ ಕಲಿಯುತ್ತಿರುವವರು ಇದನ್ನು ಕೆಲವು ತಿಂಗಳು ಆಫ್ ಇಟ್ಟರೆ ಒಳ್ಳೆಯದು, ನಿಮ್ಮ ಕೈಯೇ ಬರೆಯಬೇಕಾದ ಕಾಲ ಅದು.

ಸೇವ್ ಒತ್ತಿದಾಗ ಸಾಲುಗಳು ಜರುಗಿದರೆ ‘ಫಾರ್ಮ್ಯಾಟ್ ಆನ್ ಸೇವ್’, ಪೇಸ್ಟ್ ಮಾಡಿದಾಗ ಆದರೆ ‘ಫಾರ್ಮ್ಯಾಟ್ ಆನ್ ಪೇಸ್ಟ್’, ಟೈಪ್ ಮಾಡುವಾಗಲೇ ಆದರೆ ‘ಫಾರ್ಮ್ಯಾಟ್ ಆನ್ ಟೈಪ್’. ಒಂದು ಸಲಕ್ಕೆ ಮಾತ್ರ ಬೇಡ ಅಂದರೆ ಕಮಾಂಡ್ ಪ್ಯಾಲೆಟ್ (ಹೆಸರು ಟೈಪ್ ಮಾಡಿ ಆದೇಶ ಕೊಡುವ ಪೆಟ್ಟಿಗೆ) ತೆರೆದು ‘ಸೇವ್ ವಿದೌಟ್ ಫಾರ್ಮ್ಯಾಟಿಂಗ್’ ಕೊಡಿ. ಮಾರ್ಕ್‌ಡೌನ್ (ಸರಳ ಚಿಹ್ನೆಗಳಿಂದ ಬರಹ ಜೋಡಿಸುವ ವಿಧಾನ) ಬರೆಯುವವರು ‘ಟ್ರಿಮ್ ಟ್ರೇಲಿಂಗ್ ವೈಟ್‌ಸ್ಪೇಸ್’ ಬಗ್ಗೆ ಹುಷಾರು. ಮಾರ್ಕ್‌ಡೌನ್‌ನಲ್ಲಿ ಸಾಲಿನ ಕೊನೆಗೆ ಎರಡು ಸ್ಪೇಸ್ ಅಂದರೆ ಅಲ್ಲಿ ಸಾಲು ಮುರಿಯಬೇಕು ಅಂತ ಅರ್ಥ, ಈ ಸೆಟ್ಟಿಂಗ್ ಅದನ್ನು ಅಳಿಸಿಬಿಡುತ್ತದೆ.

ಸ್ವಿಚ್ ಆಫ್ ಮಾಡಿದಿರಿ, ಆದರೂ ನಿಲ್ಲಲಿಲ್ಲ. ಮೊದಲು ಸೆಟ್ಟಿಂಗ್ಸ್ ಪುಟದ ಮೇಲೆ ‘ಯೂಸರ್’ ಮತ್ತು ‘ವರ್ಕ್‌ಸ್ಪೇಸ್’ ಅಂತ ಇರುವ ಎರಡು ಟ್ಯಾಬ್ ನೋಡಿ. ಪ್ರಾಜೆಕ್ಟ್ ಜೊತೆ ಬಂದ ವರ್ಕ್‌ಸ್ಪೇಸ್ ಸೆಟ್ಟಿಂಗ್ ನಿಮ್ಮದಕ್ಕಿಂತ ಮೇಲು. ತಂಡದ ಪ್ರಾಜೆಕ್ಟ್ ಆಗಿದ್ದರೆ ಅದನ್ನು ಬದಲಿಸುವ ಮುಂಚೆ ಉಳಿದವರನ್ನು ಕೇಳಿ. ಆಮೇಲೆ ಭಾಷೆಗೊಂದರಂತೆ ಇರುವ ಸೆಟ್ಟಿಂಗ್, ಸಾಮಾನ್ಯ ಸೆಟ್ಟಿಂಗ್‌ಗಿಂತ ಅದರ ಮಾತೇ ನಡೆಯುವುದು. ಇದನ್ನು ನೀವೂ ಬಳಸಿಕೊಳ್ಳಬಹುದು, ಉದಾಹರಣೆಗೆ ಪೈಥಾನ್‌ನಲ್ಲಿ ಕೋಟ್ ಜೋಡಿ ಬರಲಿ, ಮಾರ್ಕ್‌ಡೌನ್‌ನಲ್ಲಿ ಮಾತ್ರ ಬೇಡ ಅಂತ.

ಇಷ್ಟಾದರೂ ಗೊತ್ತಾಗದಿದ್ದರೆ ಯಾವುದೋ ಎಕ್ಸ್‌ಟೆನ್ಷನ್ (ಎಡಿಟರ್‌ಗೆ ನಾವೇ ಸೇರಿಸಿಕೊಂಡ ಹೆಚ್ಚುವರಿ ಸೌಲಭ್ಯ) ಈ ಕೆಲಸ ಮಾಡುತ್ತಿರಬೇಕು. ಒಂದೊಂದನ್ನೇ ತೆಗೆದು ನೋಡುತ್ತಾ ಕೂರಬೇಡಿ. ಕಮಾಂಡ್ ಪ್ಯಾಲೆಟ್‌ನಲ್ಲಿ ‘ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್’ ಕೊಡಿ. ಅದು ಅರ್ಧದಷ್ಟು ಎಕ್ಸ್‌ಟೆನ್ಷನ್ ನಿಲ್ಲಿಸಿ ತೊಂದರೆ ಇನ್ನೂ ಇದೆಯಾ ಅಂತ ಕೇಳುತ್ತದೆ, ನಿಮ್ಮ ಉತ್ತರ ನೋಡಿ ಮತ್ತೆ ಅರ್ಧ. 32 ಎಕ್ಸ್‌ಟೆನ್ಷನ್ ಇದ್ದರೂ ಐದಾರು ಸುತ್ತಿನಲ್ಲಿ ಹೆಸರು ಹೊರಗೆ ಬರುತ್ತದೆ.

ಬೇರೆ ಎಡಿಟರ್‌ಗಳಲ್ಲೂ ಇದೇ ಲೆಕ್ಕ, ಹೆಸರು ಮಾತ್ರ ಬೇರೆ. ಇಂಟೆಲಿಜೆ, ಪೈಚಾರ್ಮ್ ಬಳಸುವವರಿಗೆ ಬ್ರ್ಯಾಕೆಟ್, ಕೋಟ್ ಎಲ್ಲ ಎಡಿಟರ್ ಸೆಟ್ಟಿಂಗ್‌ನ ‘ಜನರಲ್’ ಕೆಳಗೆ ‘ಸ್ಮಾರ್ಟ್ ಕೀಸ್’ ಅನ್ನೋ ಪುಟದಲ್ಲಿವೆ, ಸಲಹೆಯ ಪಟ್ಟಿ ಅದೇ ಜನರಲ್ ಕೆಳಗೆ ‘ಕೋಡ್ ಕಂಪ್ಲೀಷನ್’‌ನಲ್ಲಿ. ಸಬ್ಲೈಮ್ ಟೆಕ್ಸ್ಟ್‌ನಲ್ಲಿ ‘ಆಟೋ ಮ್ಯಾಚ್ ಇನೇಬಲ್ಡ್’ ಫಾಲ್ಸ್ ಮಾಡಿದರೆ ಜೋಡಿ ಬರುವುದು ನಿಲ್ಲುತ್ತದೆ. ವಿಮ್‌ನಲ್ಲಿ ಪೇಸ್ಟ್ ಮಾಡಿದ ಕೋಡ್ ಮೆಟ್ಟಿಲಿನ ಹಾಗೆ ಬಲಕ್ಕೆ ಜರುಗುತ್ತಾ ಹೋದರೆ ಪೇಸ್ಟ್‌ಗೆ ಮುಂಚೆ ‘ಸೆಟ್ ಪೇಸ್ಟ್’, ಮುಗಿದ ಮೇಲೆ ‘ಸೆಟ್ ನೋಪೇಸ್ಟ್’ ಕೊಡಿ. ಎರಡನೆಯದನ್ನು ಮರೆತರೆ ಇಂಡೆಂಟ್ ಏನೂ ಬರುವುದಿಲ್ಲ.

ಮ್ಯಾಕ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ನೇರ ಕೋಟ್ " ಹೋಗಿ ಬಾಗಿದ “ ಬರುತ್ತಿದ್ದರೆ ಎಡಿಟರ್‌ನಲ್ಲಿ ಹುಡುಕುವ ಮುಂಚೆ ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗ ತೆರೆಯಿರಿ. ಅಲ್ಲಿ ಟೆಕ್ಸ್ಟ್ ಇನ್‌ಪುಟ್ ಅನ್ನೋ ಕಡೆ ‘ಎಡಿಟ್’ ಒತ್ತಿದರೆ ‘ಸ್ಮಾರ್ಟ್ ಕೋಟ್ಸ್ ಆ್ಯಂಡ್ ಡ್ಯಾಷಸ್’ ಸಿಗುತ್ತದೆ, ಎರಡು ಸ್ಪೇಸ್ ಒತ್ತಿದರೆ ಚುಕ್ಕೆ ಹಾಕುವ ಆಯ್ಕೆಯೂ ಅಲ್ಲೇ ಇದೆ. ಎರಡನ್ನೂ ಆಫ್ ಮಾಡಿ, ಎಡಿಟರ್ ಮುಚ್ಚಿ ಮತ್ತೆ ತೆರೆದು, ಒಂದು ಖಾಲಿ ಫೈಲ್‌ನಲ್ಲಿ ಕೋಟ್ ಒತ್ತಿ ನೋಡಿ.